ಸೈಕಲ್ಲನ್ನು ಬಾಲ್ಕನಿಯಿಂದ ಇಳಿಸಿ

ಆತ್ಮೀಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗೂ ತಿಳಿಯಲಿ ಎಂದು ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಮನೆ. ಎರಡು ವರ್ಷದ ಹಿಂದೆ ನೌಕರಿ ಬಿಟ್ಟು, ಈಗ ಮನೆಯಲ್ಲೇ ಕೂತು ಅನುವಾದ, ಪುಟವಿನ್ಯಾಸ ಮಾಡುತ್ತೀರಿ. ನೌಕರಿಯಲ್ಲಿದ್ದಾಗ ಆಫೀಸಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದಿರಿ, ಒಂದು ಕಡೆಗೆ 7 ಕಿಲೋಮೀಟರ್. ಈಗ ಆ ಸೈಕಲ್ ಬಾಲ್ಕನಿಯಲ್ಲಿದೆ, ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತದೆ. ಸೊಂಟ ನೋವು ಶುರುವಾಗಿದೆ, ತೂಕ ಏರಿದೆ. ಹೊರಗೆ ಹೊರಡೋಣ ಎಂದುಕೊಂಡರೆ, "ಒಂದು ಗಂಟೆ ಸೈಕಲ್ ತುಳಿದರೆ ಒಂದು ಗಂಟೆಯ ದುಡಿಮೆ ಹೋಯಿತು ಅಂತಲೇ ಮನಸ್ಸು ಲೆಕ್ಕ ಹಾಕುತ್ತದೆ" ಎಂದು ಬರೆದಿದ್ದೀರಿ.

ಆ ಒಂದು ಸಾಲಿಗಾಗಿಯೇ ಇಷ್ಟುದ್ದ ಉತ್ತರ ಬರೆಯಲು ಕೂತಿದ್ದೇನೆ.

ಸಂಬಳ ಬರುತ್ತಿದ್ದಾಗ ಆ 7 ಕಿಲೋಮೀಟರನ್ನು ನೀವು ವ್ಯಾಯಾಮ ಎಂದು ಕರೆದೇ ಇರಲಿಲ್ಲ, ಅಲ್ವಾ? ಆಫೀಸಿಗೆ ಹೋಗಲೇಬೇಕಿತ್ತು, ಹೋಗುತ್ತಿದ್ದಿರಿ. ಇವತ್ತು ಹೋಗಲೋ ಬೇಡವೋ ಎಂದು ಯೋಚಿಸುತ್ತ ಕೂರುವ ಪ್ರಶ್ನೆಯೇ ಇರಲಿಲ್ಲ. ನೌಕರಿ ಬಿಟ್ಟಾಗ ಸಂಬಳ ಹೋಗಿದ್ದು ಎಲ್ಲರಿಗೂ ಕಂಡಿತು. ಅದರ ಜೊತೆಗೆ ಆ ದಾರಿಯೂ ಹೋಯಿತು ಎನ್ನುವುದು ನಿಮಗೇ ಕಾಣಲಿಲ್ಲ.

1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು, ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿಯ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದ್ದರು. ಅದೇ ಬಸ್ಸು, ಅದೇ ರಸ್ತೆ. ಆದರೆ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಡ್ರೈವರ್ ಇಡೀ ದಿನ ಕೂತೇ ಇರುತ್ತಿದ್ದ, ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಮೈ ಗಟ್ಟಿಯಾಗಲಿ ಎಂದು ಹತ್ತಿದವನಲ್ಲ ಅವನು. ಮೇಲಿನ ಮಹಡಿಯಲ್ಲಿ ಕೂತವರಿಗೂ ಟಿಕೆಟ್ ಕೊಡಬೇಕಿತ್ತು, ಹತ್ತಿದ. ನೀವು ಎರಡು ವರ್ಷದ ಹಿಂದೆ ಕಂಡಕ್ಟರ್ ಕೆಲಸ ಬಿಟ್ಟು ಡ್ರೈವರ್ ಸೀಟಿಗೆ ಬಂದು ಕೂತಿದ್ದೀರಿ.

ಹಾಗಾಗಿ ವ್ಯಾಯಾಮಕ್ಕೆ ಸಮಯ ಹುಡುಕುವುದನ್ನು ಬಿಡಿ. ಕೆಲಸಕ್ಕೇ ಒಂದು ದಾರಿ ಮಾಡಿಕೊಳ್ಳಿ. ಮನೆಯಿಂದ 4 ಕಿಲೋಮೀಟರ್ ದೂರದಲ್ಲಿ ಕೂತು ಕೆಲಸ ಮಾಡಬಹುದಾದ ಒಂದು ಜಾಗ ನೋಡಿಕೊಳ್ಳಿ. ಸಾರ್ವಜನಿಕ ಗ್ರಂಥಾಲಯವಾಗಲಿ, ಸ್ನೇಹಿತರ ಆಫೀಸಿನ ಖಾಲಿ ಮೇಜಾಗಲಿ. ಎರಡು ಗಂಟೆ ಅಲ್ಲಿ ಕೂತು, ಆ ದಿನದ ಕಷ್ಟದ ಪುಟಗಳನ್ನು ಮುಗಿಸಿ ವಾಪಸ್ ಬನ್ನಿ. ಹದವಾದ ವೇಗದಲ್ಲಿ ತುಳಿದರೆ ಹೋಗಲು ಸುಮಾರು ಕಾಲು ಗಂಟೆ, ಬರಲು ಕಾಲು ಗಂಟೆ. ವಾರಕ್ಕೆ 5 ದಿನ ಎಂದರೆ 150 ನಿಮಿಷ. ದೊಡ್ಡವರಿಗೆ ವಾರಕ್ಕೆ ಮಧ್ಯಮ ಶ್ರಮದ ಚಟುವಟಿಕೆ ಕನಿಷ್ಠ ಇಷ್ಟಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದೇ 150 ನಿಮಿಷ.

ನನ್ನದೊಂದು ಅನುಭವ ಹೇಳುತ್ತೇನೆ. ಈ ಪತ್ರಿಕೆಗೆ ಬರುವ ಮೊದಲು ಆರು ವರ್ಷ ನಾನೂ ಬಿಡಿ ಕೆಲಸ ಮಾಡಿಕೊಂಡೇ ಬದುಕಿದವನು. ಚಾಮರಾಜಪೇಟೆಯ ಪ್ರೆಸ್ಸುಗಳಿಗೆ ಕರಡು ತಿದ್ದುತ್ತಿದ್ದೆ. ಪ್ರೂಫ್ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕ್ಯಾರಿಯರ್ ಕ್ಲಿಪ್ಪಿಗೆ ಸಿಗಿಸಿ, ಹನುಮಂತನಗರದಿಂದ ಹೋಗಿಬರುತ್ತಿದ್ದೆ. ಬರುವಾಗ ಬುಲ್ ಟೆಂಪಲ್ ರಸ್ತೆಯ ಏರು. ಒಂದು ದಿನ ಆ ಏರಿನ ಅರ್ಧದಲ್ಲಿ, ಉಸಿರು ಬಿಡುತ್ತ ತುಳಿಯುತ್ತಿದ್ದಾಗ, ಆಗಷ್ಟೇ ಕೊಟ್ಟುಬಂದ ಪುಟವೊಂದು ಕಣ್ಣಿಗೆ ಕಟ್ಟಿತು. ಅಧ್ಯಾಯದ ತಲೆಬರಹದಲ್ಲೇ 'ಶಾಲೆ' ಇರಬೇಕಾದ ಕಡೆ 'ಶಾಲು' ಎಂದಿತ್ತು. ಮೇಜಿನ ಮೇಲೆ ಮೂರು ಸಲ ಓದಿಯೂ ಸಿಕ್ಕಿರಲಿಲ್ಲ. ಅಲ್ಲೇ ಸೈಕಲ್ ತಿರುಗಿಸಿದೆ. ಅಚ್ಚಿನ ಪ್ಲೇಟ್ ಮಾಡುವುದಕ್ಕೆ ಮುಂಚೆ ಹೋಗಿ ತಿದ್ದಿಸಿದೆ. ಆಮೇಲೆ ಎಷ್ಟೋ ಸಲ ಹೀಗೇ ಆಗಿದೆ. ತಿಣುಕಿದರೂ ಬಾರದ ವಾಕ್ಯ ಪೆಡಲ್ ತುಳಿಯುವಾಗ ತಾನಾಗಿ ಬಂದುಬಿಡುತ್ತಿತ್ತು. ಆ ಹೊತ್ತನ್ನು ದುಡಿಮೆಯಿಂದ ಕಳೆಯಬೇಕು ಎಂದರೆ ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ವರ್ಷ ಒಂದು ಪ್ರೆಸ್ಸಿನವರು ನಾಲ್ಕು ತಿಂಗಳು ದುಡ್ಡು ಕೊಡಲಿಲ್ಲ. ಬಾಡಿಗೆ ಕಟ್ಟಬೇಕಲ್ಲ, ಬೇರೆ ಕಡೆಯಿಂದ ಎರಡರಷ್ಟು ಕೆಲಸ ಒಪ್ಪಿಕೊಂಡೆ. ಹೋಗಿಬರುವ ಹೊತ್ತೂ ಉಳಿಯಲಿ ಎಂದು ಪ್ರೂಫನ್ನು ಹುಡುಗನ ಕೈಯಲ್ಲಿ ಕಳಿಸತೊಡಗಿದೆ. ಮೂರನೇ ತಿಂಗಳು ಒಂದು ಬೆಳಿಗ್ಗೆ ಬಕೆಟ್ ಎತ್ತಲು ಬಗ್ಗಿದವನು ಮೇಲೇಳಲಾಗಲಿಲ್ಲ. ಹನ್ನೊಂದು ದಿನ ಚಾಪೆಯ ಮೇಲೆ ಮಲಗಿದ್ದೆ. ಆ ಹನ್ನೊಂದು ದಿನ ಒಂದು ಪೈಸೆ ಹುಟ್ಟಲಿಲ್ಲ. ನಮಗೆ ಸಿಕ್ ಲೀವ್ ಎಲ್ಲಿಂದ ಬರಬೇಕು? ಗಂಟೆಗಳ ಲೆಕ್ಕ ಹಾಕುವಾಗ ಈ ಹನ್ನೊಂದು ದಿನವನ್ನೂ ದಯವಿಟ್ಟು ಸೇರಿಸಿಕೊಳ್ಳಿ.

ದರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಕಷ್ಟದ ಬೇರು ಅಲ್ಲೇ ಇದೆ ಅನಿಸುತ್ತದೆ. ಪುಟಕ್ಕೆ ಇಷ್ಟು ಎಂದು ಹೇಳುವಾಗ ನೀವು ದಿನಕ್ಕೆ 8 ಗಂಟೆ ಕೆಲಸ ಎಂದುಕೊಂಡೇ ಹೇಳುತ್ತಿದ್ದೀರಿ. ಬಿಲ್ ಬರೆಯುವುದು, ಬಾಕಿ ಕೇಳುವುದು, ಫೋನು, ಮೇಲ್ ಇವೆಲ್ಲ ಕಳೆದರೆ ನಿಜವಾಗಿ ಕೈಗೆ ಸಿಗುವುದು 6 ಗಂಟೆ. ಆ 6ರ ಮೇಲೆ ದರ ಕಟ್ಟಿ. ಸೈಕಲ್ಲಿನ ಅರ್ಧ ಗಂಟೆಯೂ ಉಳಿದ 2 ಗಂಟೆಯೊಳಗೇ ಬರಲಿ. ಹಳೆಯ ಗಿರಾಕಿಗಳಿಗೆ ಏಕಾಏಕಿ ಏರಿಸುವುದು ಕಷ್ಟ, ಗೊತ್ತು. ಹೊಸದಾಗಿ ಬರುವವರಿಗೆ ಹೊಸ ದರ ಹೇಳಿ. ಅಳುಕಬೇಡಿ.

ಅಮೆರಿಕದ ಗಿರಾಕಿಯ ಜೊತೆ ರಾತ್ರಿ ಹನ್ನೊಂದರ ತನಕ ಮಾತುಕತೆ ಇರುತ್ತದೆ, ಬೆಳಿಗ್ಗೆ 5ಕ್ಕೆ ಏಳಲು ಆಗುವುದಿಲ್ಲ ಎಂದು ನೊಂದುಕೊಂಡಿದ್ದೀರಿ. 5ಕ್ಕೆ ಏಳಲೇಬೇಡಿ. ಮೊದಲು ನಿದ್ದೆ. ಬೆಳಿಗ್ಗೆ 9ರಿಂದ 10:30ರ ತನಕ ಈ ಊರಿನ ರಸ್ತೆಗಳ ಪಾಡು ನಿಮಗೇ ಗೊತ್ತು. ಆಫೀಸಿನವರಿಗೆ ಅದೇ ಹೊತ್ತಿಗೆ ಹೋಗದೆ ವಿಧಿಯಿಲ್ಲ. ನಿಮಗೆ ಆ ಕಟ್ಟಿಲ್ಲ, 11ಕ್ಕೆ ಹೊರಡಬಹುದು. ಜಯನಗರದ ಒಳರಸ್ತೆಗಳಲ್ಲಿ ಆ ಹೊತ್ತಿಗೆ ತರಕಾರಿ ಗಾಡಿಯವರು, ಮರದ ನೆರಳು, ಅಷ್ಟೇ. ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗಳಲ್ಲೇ ಹೋಗಿ. ಒಂದು ಕಿಲೋಮೀಟರ್ ಜಾಸ್ತಿಯಾದರೂ ಪರವಾಗಿಲ್ಲ. ನಿಂತ ಕಾರುಗಳಿಂದ ಒಂದು ಮಾರು ದೂರ ಇರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಹೆಲ್ಮೆಟ್ ಬೇಕೇ ಬೇಕು. ಮಳೆಗಾಲದಲ್ಲಿ ಇಲ್ಲಿ ಜೋರು ಮಳೆ ಹೆಚ್ಚಾಗಿ ಸಂಜೆಯ ಹೊತ್ತಿಗೆ, ಆದ್ದರಿಂದ ನಾಲ್ಕರೊಳಗೆ ಮನೆ ಸೇರಿಕೊಳ್ಳಿ. ದೂರದ ಮೀಟಿಂಗ್ ಇದ್ದರೆ ಮೆಟ್ರೋ ಸ್ಟೇಷನ್ ತನಕ ಸೈಕಲ್, ಆಮೇಲೆ ಮೆಟ್ರೋ. ಬೆವರಿನ ಚಿಂತೆಗೆ ಚೀಲದಲ್ಲಿ ಒಂದು ಬೇರೆ ಅಂಗಿ, ಒಂದು ಚಿಕ್ಕ ಟವೆಲ್ ಸಾಕು.

ಇನ್ನು ಸೊಂಟ. ನೋವು ಕಾಲಿನವರೆಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಸೈಕಲ್. ಹಾಗಿಲ್ಲದಿದ್ದರೆ ಸೀಟಿನ ಎತ್ತರ ನೋಡಿ. ಸೀಟಿನ ಮೇಲೆ ಕೂತು, ಪೂರ್ತಿ ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಬಹಳ ಜನ ಇದಕ್ಕಿಂತ ತಗ್ಗಿಸಿಕೊಂಡೇ ತುಳಿಯುತ್ತಾರೆ, ಮಂಡಿ ನೋಯಿಸಿಕೊಳ್ಳುತ್ತಾರೆ. ಸೈಕಲ್ ತುಳಿದರೆ ಕಾಲಿಗೆ, ಎದೆಗೆ ಒಳ್ಳೆಯದು. ಬೆನ್ನಿಗೆ, ತೋಳಿಗೆ ಅದೊಂದೇ ಸಾಲದು. ವಾರಕ್ಕೆ ಎರಡು ದಿನ ಗರಡಿಯವರ ಹಾಗೆ ಬಸ್ಕಿ, ದಂಡ ಹೊಡೆಯಿರಿ. ಶುರುವಿಗೆ ಹತ್ತು ಹತ್ತು ಸಾಕು. ದಂಡ ಕಷ್ಟವಾದರೆ ಗೋಡೆಗೆ ಕೈ ಕೊಟ್ಟು ಮಾಡಿ.

ಕೆಲಸದ ಗಡುವು ಮೈಮೇಲೆ ಬಂದ ವಾರ ಇದ್ಯಾವುದೂ ನಡೆಯುವುದಿಲ್ಲ. ಆ ವಾರ ಹಾಲು ತರಲು ಸೈಕಲ್ಲಿನಲ್ಲಿ ಹೋಗಿ. ಹತ್ತು ನಿಮಿಷವಾದರೂ ಟೈರು ತಿರುಗಲಿ. ಪೂರ್ತಿ ನಿಂತರೆ ಮತ್ತೆ ಬಾಲ್ಕನಿ, ಮತ್ತೆ ಟವೆಲ್.

ಎರಡು ವರ್ಷ ನಿಂತ ಸೈಕಲ್ಲನ್ನು ಸುಮ್ನೆ ಹಾಗೇ ಹತ್ತಬೇಡಿ. ಟೈರಿನ ಪಕ್ಕ ಬಿರುಕು ಬಿಟ್ಟಿದೆಯಾ ನೋಡಿ. ಬ್ರೇಕಿನ ರಬ್ಬರ್ ಗಟ್ಟಿಯಾಗಿರುತ್ತದೆ, ಬದಲಾಯಿಸಿ. ಚೈನಿನ ಹಳೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ ಹೊಸ ಎಣ್ಣೆ ಬಿಡಿ.

ಇದೆಲ್ಲ ಆದಮೇಲೆ ಒಂದು ಗುರುವಾರ ನಮ್ಮ ಕಚೇರಿಗೆ ಬನ್ನಿ. 11:30ರ ಮೇಲೆ ನಾನು ಇರುತ್ತೇನೆ. ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಲು ಜಾಗ ಇದೆ. ನಿಮ್ಮ ಅನುವಾದದ ಎರಡು ಪುಟ ಜೊತೆಗಿರಲಿ, ಮುಂದಿನ ಸಂಚಿಕೆಗೆ ನಮಗೂ ಒಬ್ಬ ಅನುವಾದಕರು ಬೇಕಾಗಿದ್ದಾರೆ. ಬರುವಾಗ ಹೊಸ ದರವನ್ನೂ ಬರೆದುಕೊಂಡು ಬನ್ನಿ.

ಸಂಪಾದಕ