ಪ್ರವಾಹದ ಎಚ್ಚರಿಕೆ ಕಳಿಸಿದರೂ ಜನ ಮನೆ ಬಿಡುತ್ತಿಲ್ಲ: ಪ್ರತಿಕ್ರಿಯೆ

ಪ್ರವಾಹದ ಎಚ್ಚರಿಕೆ ಕಳಿಸಿದರೂ ನಿಮ್ಮೂರಿನ ಜನ ಮನೆ ಬಿಡುತ್ತಿಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಎಚ್ಚರಿಕೆ ಎಲ್ಲರ ಫೋನಿಗೂ ತಲುಪಿದೆ, ಆದರೂ ಯಾರೂ ಕದಲಲಿಲ್ಲ ಅಂದರೆ ತೊಂದರೆ ಬಹುಶಃ ಸಂದೇಶದಲ್ಲೇ ಇದೆ. ನೀವು ಕಳಿಸಿದ್ದು "ಭಾರಿ ಮಳೆ ಸಾಧ್ಯತೆ, ತಗ್ಗಿನಲ್ಲಿರುವವರು ಎಚ್ಚರದಿಂದಿರಿ" ಅಂತ. ಎಚ್ಚರದಿಂದಿರಿ ಅಂದರೆ ಏನು ಮಾಡಬೇಕು? ತಮ್ಮ ಮನೆ ತಗ್ಗಿನಲ್ಲಿದೆ ಅಂತ ಎಷ್ಟು ಜನ ಅಂದುಕೊಳ್ಳುತ್ತಾರೆ ಹೇಳಿ!

ಮೊದಲು ಅದನ್ನು ಹೊಸದಾಗಿ ಬರೆಯಿರಿ. ಯಾರು ಹೇಳುತ್ತಿದ್ದಾರೆ, ಏನು ಬರುತ್ತಿದೆ, ಯಾವ ಬೀದಿಗೆ, ಎಷ್ಟು ಗಂಟೆಯೊಳಗೆ, ಎಲ್ಲಿಗೆ ಹೋಗಬೇಕು, ಈ ಐದೂ ಇರಲಿ. "ಸೇತುವೆ ಕೆಳಗಿನ ಎರಡು ಬೀದಿಯವರು ಸಂಜೆ 6ರೊಳಗೆ ಶಾಲೆಗೆ ಬನ್ನಿ" ಅನ್ನುವಷ್ಟು ಸ್ಪಷ್ಟವಾಗಿ. ಎಷ್ಟು ಮಿಲಿಮೀಟರ್ ಮಳೆ ಅನ್ನೋ ಲೆಕ್ಕ ಬೇಡ. ನಾನೂ ಮೊದಲು ಅದನ್ನೇ ಓದಿ ಹೇಳುತ್ತಿದ್ದೆ, ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ.

ಆಮೇಲೆ ಅದೇ ಮಾತನ್ನು ಪದ ಬದಲಿಸದೆ ರೇಡಿಯೊ, ಮೈಕು, ವಾಟ್ಸ್ಆ್ಯಪ್ ಗ್ರೂಪ್ ಎಲ್ಲದರಲ್ಲೂ ಹೇಳಿ. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆ ಖಚಿತ ಮಾಡಿಕೊಳ್ಳದೆ ಜನ ಹೊರಡುವುದು ಕಡಿಮೆ. ಅದು ಹಟವಲ್ಲ, ಸಹಜ. ಎರಡು ಕಡೆ ಎರಡು ಸಮಯ ಕೇಳಿಸಿತೋ, ಮುಗೀತು. ಬರೀ ಎಸ್‌ಎಂಎಸ್ ನಂಬಬೇಡಿ, ನೆಟ್‌ವರ್ಕ್ ತುಂಬಿದಾಗ ತಡವಾಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ಗೆ ಆ ಕಾಟ ಕಡಿಮೆ, ಆ ಸಂದೇಶ ಟವರ್‌ನಿಂದ ಅದರ ವ್ಯಾಪ್ತಿಯ ಫೋನುಗಳಿಗೆ ಒಟ್ಟಿಗೇ ಹೋಗುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ಸರ್ಕಾರದ ಕಡೆಯಿಂದಲೇ ಕಳಿಸಬೇಕು.

ನಿಮ್ಮಲ್ಲಿ ಕಾರಣ ಬೇರೆಯೂ ಇರಬಹುದು. ದನಕರು ಬಿಟ್ಟು ಹೋಗೋದು ಹೇಗೆ ಅನ್ನೋ ಚಿಂತೆ, ಕಳ್ಳರ ಭಯ, ಇಲ್ಲವೇ ಹಿಂದೊಮ್ಮೆ ಸುಮ್ನೆ ಓಡಿಸಿದ ನೆನಪು. ಹೊರಡದ ನಾಲ್ಕು ಮನೆಗೆ ಹೋಗಿ ಕೇಳಿ. ಕೊನೆಯದೇ ಕಾರಣವಾದರೆ, ಮುಂದೆ ಎಚ್ಚರಿಕೆ ಕೊಟ್ಟರೂ ಪ್ರವಾಹ ಬರದ ದಿನ, ಅದು ಯಾಕೆ ಬರಲಿಲ್ಲ ಅಂತ ಅವತ್ತೇ ಅದೇ ಗ್ರೂಪಿನಲ್ಲಿ ಹಾಕಿ.