ಮುಳುಗೋ ಮನೆಗೆ ಸುಣ್ಣ ಯಾಕೆ ಅನ್ನಬೇಡಿ

(ಇಳಕಲ್ಲಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರಿಗೆ 56 ವರ್ಷ, ಮನೆಯಲ್ಲೇ ಮಗ್ಗ. ಫೆಬ್ರುವರಿಯಲ್ಲಿ ಆಂಜಿಯೋಗ್ರಾಮ್ ಮಾಡಿದಾಗ ಮೂರು ಕಡೆ ಬ್ಲಾಕ್ ಕಂಡಿದೆ, ಬೈಪಾಸ್ ಆಗಬೇಕು ಅಂದಿದ್ದಾರೆ. ಬಿಪಿಎಲ್ ಕಾರ್ಡಿನ ಮೇಲೆ ಮಂಜೂರಾಗಿದೆ. ಆದರೆ ದೂರದ ಊರಿನ ಆಸ್ಪತ್ರೆ ಕೊಟ್ಟ ಡೇಟು ಎರಡು ಸಲ ಮುಂದೆ ಹೋಗಿದೆ, ಮೂರನೆಯದು ಇನ್ನೂ ಬಂದಿಲ್ಲ. ಮನುಷ್ಯ ಮಗ್ಗಕ್ಕೆ ಕೂಡುತ್ತಿಲ್ಲ, ರಾತ್ರಿ ಮಲಗುತ್ತಿಲ್ಲ, ಒಂದು ಲೋಟ ಬಿದ್ದರೂ ರೇಗುತ್ತಾರೆ. "ಕಂಡಿಕಿ ಸುತ್ತರಿ ಅಂದ್ರ, ನಾ ಏನ್ ಮುದುಕ ಆಗೇನೇನು ಅಂತಾರ್ರೀ." ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಬಂದವರೆಲ್ಲ ಒಂದೊಂದು ಔಷಧ ಹೇಳಿ ಹೋಗುತ್ತಾರೆ. ಒಂದು ಸಾಲಿಗೆ ಅಡಿಗೆರೆ ಎಳೆದಿದ್ದಾರೆ: "ಆಪರೇಷನ್ನಿನ ಅಂಜಿಕಿ ಇಲ್ರೀ, ಈ ಕಾಯೂದ ಕೊಲ್ಲಾಕತ್ತೈತಿ.")

ತಂಗಿ,

ಉತ್ತರ ತಡವಾಯಿತು. ನಿಮ್ಮ ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು, ಓದಿದಾಗೆಲ್ಲ ನನ್ನ ಮನೆಯೇ ಕಣ್ಣಿಗೆ ಬರುತ್ತಿತ್ತು. ನಾನೂ ಬೈಪಾಸ್ ಆದವನು. ಎಂಟು ವರ್ಷದ ಹಿಂದೆ ನಾಲ್ಕು ತಿಂಗಳು ಕಾದೆ. ಆಪರೇಷನ್ ಬಗ್ಗೆ ಈಗ ಹೆಚ್ಚು ನೆನಪೇ ಇಲ್ಲ. ಐಸಿಯುನಲ್ಲಿ ಬಾಯಿ ಒಣಗಿದ್ದು, ನರ್ಸ್ ಒಬ್ಬರು ಒದ್ದೆ ಹತ್ತಿಯಿಂದ ತುಟಿ ಒರೆಸಿದ್ದು, ಅಷ್ಟೇ. ಆ ನಾಲ್ಕು ತಿಂಗಳು ಮಾತ್ರ ಒಂದೊಂದು ದಿನವೂ ನೆನಪಿದೆ. ರಾತ್ರಿ ಎರಡರ ಸುಮಾರಿಗೆ ನನ್ನ ಹೆಂಡತಿ ಎದ್ದು ನನ್ನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು, ಉಸಿರು ಆಡುತ್ತಿದೆಯಾ ಅಂತ ನೋಡಲು. ನಾನು ಎಚ್ಚರವಾಗಿಯೇ ಇರುತ್ತಿದ್ದೆ. ಅವಳು ಗಾಬರಿಯಾಗಬಾರದು ಅಂತ ನಿದ್ದೆ ಬಂದವನ ಹಾಗೆ ಬಿದ್ದಿರುತ್ತಿದ್ದೆ. ಒಂದು ಮಾತು ಆಡಲಿಲ್ಲ ಇಬ್ಬರೂ. ನೀವು ಆ ತಪ್ಪು ಮಾಡಬೇಡಿ. ಇವತ್ತು ರಾತ್ರಿ ನೀವೇ ಮೊದಲು ಬಾಯಿ ಬಿಡಿ, "ನನಗೂ ನಿದ್ದಿ ಬರವಲ್ದು" ಅಂತ ಅಷ್ಟು ಹೇಳಿದರೂ ನಡೆಯುತ್ತದೆ.

ನಾನು ಡಾಕ್ಟರ್ ಅಲ್ಲ. ಮುಂದೆ ಬರೆಯೋದೆಲ್ಲ ಕಾದವನ ಮಾತು, ಡಾಕ್ಟರರನ್ನು ಕೇಳಿ ತಿಳಿದುಕೊಂಡ ಮಾತು. ಮಾತ್ರೆಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಮೊದಲು ಮಗ್ಗಕ್ಕೆ ಕೂಡುವುದಿಲ್ಲ ಅಂದಿರಲ್ಲ, ಅದಕ್ಕೆ ಬರುತ್ತೇನೆ. ನಾವು ಹಳೆ ಬಾಗಲಕೋಟೆಯವರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಊರು ಮುಳುಗುತ್ತದೆ ಅನ್ನೋ ಮಾತು ಶುರುವಾಗಿ ನೀರು ನಿಜವಾಗಿ ಊರಿಗೆ ಬಂದು ಮುಟ್ಟೋಕೆ ಹತ್ತಾರು ವರ್ಷ ಹಿಡಿಯಿತು. ನಡುವೆ ನಮ್ಮಪ್ಪ ಮನೆಗೆ ಸುಣ್ಣ ಹಚ್ಚಿಸುವುದನ್ನೇ ಬಿಟ್ಟರು. ಮಾಳಿಗೆ ಸೋರಿದರೆ ಕೆಳಗೆ ಬೋಗುಣಿ ಇಟ್ಟರು. "ಮುಳಗೂ ಮನಿಗೆ ಸುಣ್ಣ ಯಾಕ?" ನಾನು ಸಾಲಿ ಕಲಿತು, ಮದುವೆಯಾಗಿ, ನನ್ನ ಮಗ ಅಂಬೆಗಾಲಿಡುವ ತನಕ ಆ ಮನೆ ಅಲ್ಲೇ ಇತ್ತು. ಅಷ್ಟೂ ವರ್ಷ ನಾವು ಕರಿಹಿಡಿದ ಗೋಡೆಗಳ ನಡುವೆ ಬಾಳಿದೆವು. ಅಪ್ಪನನ್ನು ಇದಕ್ಕೆ ಎಷ್ಟು ಬೈದಿದ್ದೇನೋ! ಆದರೆ ನನಗೆ ಬೈಪಾಸ್ ಅಂದಾಗ ನಾನು ಮಾಡಿದ್ದೂ ಅದನ್ನೇ. ಚಶ್ಮದ ಒಂದು ಗಾಜು ಒಡೆದಿತ್ತು. ನಾಲ್ಕು ತಿಂಗಳು ಒಡೆದ ಗಾಜಿನಲ್ಲೇ ಪ್ರೂಫ್ ನೋಡಿದೆ. ಸುಮ್ನೆ ದುಡ್ಡು ಯಾಕೆ, ಆಪರೇಷನ್ ಆಗಿ ಬದುಕಿದರೆ ನೋಡೋಣ ಅಂತ. ನಿಮ್ಮವರು ಮಗ್ಗ ಬಿಟ್ಟು ಕೂತಿರೋದು ಇದೇ ಸುಣ್ಣದ ಲೆಕ್ಕ. ಸಿಟ್ಟು ಮಾಡಿಕೊಳ್ಳಬೇಡಿ.

ಇನ್ನು ಸರದಿ. ನಮಗಿಂತ ಹಿಂದೆ ಬಂದವರಿಗೆ ಮೊದಲು ಆಯಿತು, ದುಡ್ಡು ಕೊಟ್ಟಿರಬೇಕು ಅಂತ ಬರೆದಿದ್ದೀರಿ. ಎಲ್ಲೆಲ್ಲೋ ಹಾಗೂ ನಡೆದೀತು, ಇಲ್ಲ ಅನ್ನಲಾರೆ. ಆದರೆ ಹೃದಯದ ಆಪರೇಷನ್ನಿನ ಸರದಿ ರೇಷನ್ ಅಂಗಡಿಯ ಸಾಲಿನ ಹಾಗೆ ನಡೆಯೋದಿಲ್ಲ. ಎಡಗಡೆಯ ಮುಖ್ಯ ರಕ್ತನಾಳವೇ ಕಟ್ಟಿಕೊಂಡವರು, ಸುಮ್ಮನೆ ಕೂತಾಗಲೂ ಎದೆನೋವು ಬರುವವರು ರಾತ್ರಿ ಬಂದು ಸೇರಿದರೆ ಬೆಳಿಗ್ಗೆ ಅವರನ್ನೇ ಒಳಗೆ ಒಯ್ಯುತ್ತಾರೆ. ಸರ್ಜನ್ ಒಬ್ಬರಿದ್ದರೆ ಆಗುವ ಕೆಲಸವೂ ಅಲ್ಲ. ಅರಿವಳಿಕೆ ಡಾಕ್ಟರ್ ಬೇಕು, ಹಾರ್ಟ್-ಲಂಗ್ ಮಷೀನ್ ನಡೆಸುವವರು ಬೇಕು, ರಕ್ತ ಬೇಕು, ಆಮೇಲೆ ಐಸಿಯುನಲ್ಲಿ ಒಂದು ಹಾಸಿಗೆ ಖಾಲಿ ಇರಬೇಕು. ನಿನ್ನೆ ಆಪರೇಷನ್ ಆದವರು ಐಸಿಯುನಲ್ಲಿ ಎರಡು ದಿನ ಜಾಸ್ತಿ ಉಳಿದರೆ ಇವತ್ತಿನ ಹೆಸರು ಮುಂದೆ ಹೋಗುತ್ತದೆ. ನಿಮ್ಮವರನ್ನು ಮನೆಗೆ ಕಳಿಸಿ ಕಾಯಿರಿ ಅಂದಿದ್ದಾರೆ ಅಂದರೆ, ಆಂಜಿಯೋಗ್ರಾಮ್ ನೋಡಿದ ದಿನ ಇವರು ಕಾಯಬಲ್ಲರು ಅಂತ ಅವರಿಗೆ ಅನಿಸಿದೆ.

ಆ ದಿನ ಅನಿಸಿದೆ. ಇದು ಮುಖ್ಯ. ಈಗ ಸ್ಥಿತಿ ಬದಲಾಗಿದ್ದರೆ ಸರದಿಯೂ ಬದಲಾಗಬೇಕು, ಮತ್ತು ಅದನ್ನು ಅವರಿಗೆ ತಿಳಿಸುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಒಂದು ನಲವತ್ತು ಪುಟದ ನೋಟ್‌ಬುಕ್ ತನ್ನಿ. ನೋವು ಯಾವತ್ತು ಬಂತು, ಆಗ ಏನು ಮಾಡುತ್ತಿದ್ದರು, ಎಷ್ಟು ನಿಮಿಷ ಇತ್ತು, ನಾಲಿಗೆ ಕೆಳಗೆ ಮಾತ್ರೆ ಇಟ್ಟರಾ, ಅಷ್ಟು ಬರೆಯಿರಿ. ಮೊದಲು ಮೇಲ್ಮಾಳಿಗೆ ಹತ್ತಿದರೆ ನೋವು ಬರುತ್ತಿತ್ತು, ಈಗ ಸ್ನಾನ ಮಾಡುವಾಗಲೇ ಬರುತ್ತಿದೆ ಅಂದರೆ ಅದು ದೊಡ್ಡ ಸುದ್ದಿ, ಅವತ್ತೇ ಡಾಕ್ಟರಿಗೆ ಮುಟ್ಟಬೇಕು. ಫೋನಿನಲ್ಲಿ "ಭಾಳ ತ್ರಾಸ ಆಗಾಕತ್ತೈತ್ರೀ" ಅಂದರೆ ಆ ಕಡೆಯವರು ದಿನಕ್ಕೆ ಐವತ್ತು ಸಲ ಕೇಳಿದ ಮಾತು ಅದು. "ಹೋದ ವಾರ ಎರಡು ಸಲ, ಈ ವಾರ ಆರು ಸಲ, ಒಮ್ಮೆ ಮಲಗಿದಾಗ" ಅಂದು ನೋಡಿ, ಪೆನ್ನು ಎತ್ತಿಕೊಳ್ಳುತ್ತಾರೆ.

ಫೋನ್ ಯಾರಿಗೆ ಅಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲು ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಅವರ ನಂಬರ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಫೋನ್ ಮಾಡಿ. ಮಂಜೂರಾತಿ ಇನ್ನೂ ಚಾಲ್ತಿ ಇದೆಯಾ ಅಂತಲೂ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆ ಆಸ್ಪತ್ರೆಗೇ ಜೋತುಬೀಳಬೇಕು ಅಂತಿಲ್ಲ. ಬೆಳಗಾವಿ, ಹುಬ್ಬಳ್ಳಿ-ಧಾರವಾಡದ ಕಡೆಯೂ ಎದೆ ತೆರೆದು ಆಪರೇಷನ್ ಮಾಡುತ್ತಾರೆ. ಅಲ್ಲಿ ಬೇಗ ಆಗುತ್ತದೆಯಾ ವಿಚಾರಿಸಿ. ಆದರೆ ಅಲ್ಲಿ ಗಟ್ಟಿಯಾಗುವ ತನಕ ಇಲ್ಲಿ ಬಿಡಬೇಡಿ.

ಈಗ ನಾನು ಬಿದ್ದ ಗುಂಡಿಯೊಂದನ್ನು ಹೇಳುತ್ತೇನೆ. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್‌ಗೆ ಐದು ದಿನ ಮೊದಲು ನಿಲ್ಲಿಸಿ ಅನ್ನುತ್ತಾರೆ, ಇಲ್ಲದಿದ್ದರೆ ರಕ್ತ ಜಾಸ್ತಿ ಹೋಗುತ್ತದೆ. ನಾನೂ ನಿಲ್ಲಿಸಿದೆ. ಡೇಟು ಮುಂದೆ ಹೋಯಿತು, ಬ್ಯಾಗು ಹೊತ್ತು ಮನೆಗೆ ಬಂದೆ. ಮಾತ್ರೆ ಮತ್ತೆ ಶುರು ಮಾಡು ಅಂತ ಯಾರೂ ಹೇಳಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಒಂಬತ್ತು ದಿನ ಹಾಗೇ ಇದ್ದೆ. ನಮ್ಮ ಓಣಿಯ ಮೆಡಿಕಲ್ ಶಾಪಿನ ಹುಡುಗ "ಅಜ್ಜಾರ, ಈ ಸಲ ಆ ಗುಳಗಿ ಒಯ್ಯಲಿಲ್ಲಲ್ರೀ" ಅಂದಾಗ ಎದೆ ಧಸಕ್ಕೆಂದಿತು. ನಿಮಗೆ ಎರಡು ಸಲ ಡೇಟು ತಪ್ಪಿದೆ. ದಯವಿಟ್ಟು ಇವತ್ತೇ ಮಾತ್ರೆಯ ಚೀಟಿ ತೆಗೆದು ನೋಡಿ, ಯಾವುದಾದರೂ ನಿಂತುಹೋಗಿದೆಯಾ ಅಂತ. ನಿಂತಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮುಂದೆ ಡೇಟು ತಪ್ಪಿದಾಗಲೂ ಅಳುವುದಕ್ಕೆ ಮೊದಲು ಈ ಪ್ರಶ್ನೆ.

ನೋವು ಬಂದ ಹೊತ್ತಿಗೆ ಏನು ಮಾಡಬೇಕು ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ, ಮೊಮ್ಮಕ್ಕಳಿಗೂ. ಅವರನ್ನು ಕೂಡಿಸಬೇಕು. ನಿಂತುಕೊಂಡು ನಾಲಿಗೆ ಕೆಳಗಿನ ಮಾತ್ರೆ, ಸಾರ್ಬಿಟ್ರೇಟ್, ಇಟ್ಟುಕೊಂಡರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ನಾಲಿಗೆ ಕೆಳಗೆ ಮಾತ್ರೆ, ಗಡಿಯಾರದ ಮೇಲೆ ಕಣ್ಣು. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108. ಗ್ಯಾಸ್ ಇರಬೇಕು, ಸೋಡಾ ಕುಡಿಸೋಣ, ಮಾವನಿಗೆ ಕೇಳೋಣ, ಇದ್ಯಾವುದೂ ಬೇಡ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಬೇಕಾದರೆ ಪುಕ್ಕಟೆ ಕೊಡುತ್ತಾರೆ. ನಿಮ್ಮ ಹತ್ತಿರದ್ದು ಯಾವುದು ಅಂತ ಈಗಲೇ ವಿಚಾರಿಸಿಡಿ.

ಕಷಾಯ. ಬೆಳ್ಳುಳ್ಳಿ, ಶುಂಠಿ, ಲಿಂಬೆ, ಆಪಲ್ ವಿನೆಗರ್, ಜೇನು. ಈ ವಾಟ್ಸಾಪ್ ಕಷಾಯ ನನಗೂ ಹನ್ನೊಂದು ಜನ ಕಳಿಸಿದ್ದರು, ಅದರಲ್ಲಿ ಒಬ್ಬರು ಕೆಮಿಸ್ಟ್ರಿ ಮೇಷ್ಟ್ರು! ಅದರಿಂದ ಬ್ಲಾಕ್ ಕರಗುವುದಿಲ್ಲ. ಕುಡಿದವನು ಗುಳಿಗೆ ಬಿಡುತ್ತಾನೆ, ಅಪಾಯ ಇರೋದು ಅಲ್ಲಿ. ಬೆಳ್ಳುಳ್ಳಿ ಸಾರಿನಲ್ಲಿರಲಿ. ಹೇಳಿದವರಿಗೆ ಹೂಂ ಅಂದು ಚಹಾ ಕೊಟ್ಟು ಕಳಿಸಿ.

ಕಂಡಿಕೆಯ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಪರ. ಮೂವತ್ತು ವರ್ಷ ಸೀರೆ ನೇಯ್ದವರಿಗೆ ಕಂಡಿಕೆ ಸುತ್ತು ಅಂದರೆ ನೋವಾಗದೆ ಇರುತ್ತದೆಯೇ? ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಾ, ಲಾಳಿಯ ಹಗ್ಗ ಜಗ್ಗುತ್ತಾ ದಿನಕ್ಕೆ ಎಷ್ಟು ಹೊತ್ತು ಕೂಡಬಹುದು ಅಂತ ಡಾಕ್ಟರನ್ನು ನೇರವಾಗಿ ಕೇಳಿ. "ಕೆಲಸ ಮಾಡಬಹುದಾ" ಅಂದರೆ "ಬೇಡ" ಅಂದುಬಿಡುತ್ತಾರೆ, ಅವರು ಮಗ್ಗ ನೋಡಿರೋದಿಲ್ಲ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಪೂರ್ತಿ ಬೇಡ ಅಂದರೂ ಕೊಂಡಿ ಹಾಕುವ ಕೆಲಸದ ಪಕ್ಕದಲ್ಲಿ ಕೂತು ತಪ್ಪು ಹಿಡಿಯುವುದನ್ನು ಯಾರೂ ತಡೆಯಲಾರರು.

ಕೊಂಡಿ ಅಂದಾಗ ನೆನಪಾಯಿತು. ಕಾಲಿನ ನರ ತೆಗೆದು ಎದೆಗೆ ಹೇಗೆ ಹಚ್ಚುತ್ತಾರೆ ಅಂತ ಅವರಿಗೆ ನಂಬಿಕೆ ಬರುತ್ತಿಲ್ಲ ಅಂದಿರಲ್ಲ. ಇಳಕಲ್ಲಿನವರು ಕೇಳುವ ಪ್ರಶ್ನೆಯೇ ಇದು? ಮೈ ಹತ್ತಿಯ ಹಾಸು, ಸೆರಗು ರೇಷ್ಮೆಯ ಹಾಸು, ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸಿ ಒಂದೇ ಸೀರೆ ಮಾಡುವವರು ನೀವು. ರೆನೆ ಫವಲೊರೊ ಅಂತ ಅರ್ಜೆಂಟೀನಾದ ಡಾಕ್ಟರ್ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ರಕ್ತನಾಳವನ್ನು ಹೃದಯಕ್ಕೆ ಜೋಡಿಸಿದರು. ಕಟ್ಟಿಕೊಂಡ ಜಾಗವನ್ನು ಹಾಗೇ ಬಿಟ್ಟು ಪಕ್ಕದಿಂದ ರಕ್ತಕ್ಕೆ ಬೇರೆ ದಾರಿ. ಈಗ ಎದೆಯ ಒಳಗಿನದೇ ಒಂದು ರಕ್ತನಾಳವನ್ನೂ ಬಳಸುತ್ತಾರೆ. ಹೊಲಿಯುವ ದಾರ ಕೂದಲಿಗಿಂತ ಸಣ್ಣದು. ಇದನ್ನು ಅವರಿಗೆ ಓದಿ ಹೇಳಿ, ನೇಕಾರರಿಗೆ ಇಷ್ಟವಾದೀತು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತಂಬಾಕು, ಬೀಡಿ ಇದ್ದರೆ ಈಗಲೇ ಬಿಡಬೇಕು, ಆಪರೇಷನ್‌ಗೆ ನಾಲ್ಕಾರು ವಾರ ಮೊದಲೇ ಬೀಡಿ ಬಿಟ್ಟವರ ಪುಪ್ಪುಸಕ್ಕೆ ಆಮೇಲೆ ತ್ರಾಸ ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ಬರಲಿ, ಇಲ್ಲದಿದ್ದರೆ ಎದೆಯ ಗಾಯ ಬೇಗ ಮಾಯುವುದಿಲ್ಲ. ಹಲ್ಲು ಹುಳುಕಾಗಿದ್ದರೆ ಡಾಕ್ಟರಿಗೆ ಹೇಳಿ. ರೊಟ್ಟಿ ಧಾರಾಳವಾಗಿ ತಿನ್ನಲಿ, ಹಪ್ಪಳ-ಸಂಡಿಗೆ-ಉಪ್ಪಿನಕಾಯಿ ಮಾತ್ರ ಅಟ್ಟಕ್ಕೇರಲಿ. ಮೂರು ಗುಂಡು ಇರುವ ಪ್ಲಾಸ್ಟಿಕ್ ಸ್ಪೈರೋಮೀಟರ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಡಾಕ್ಟರ್ ಸರಿ ಅಂದರೆ ಉಸಿರೆಳೆದು ಗುಂಡು ಏರಿಸುವ ಆಟ ಈಗಲೇ ರೂಢಿಯಾಗಲಿ, ಮೊಮ್ಮಕ್ಕಳ ಜೊತೆ ಪಂದ್ಯ ಕಟ್ಟಲಿ. ಆಪರೇಷನ್ ಆದ ಮೇಲೆ ಎದೆಯ ಎಲುಬು ಕೂಡಿಕೊಳ್ಳೋಕೆ ಎರಡು-ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕೈಯೂರಿ ಏಳುವ ಹಾಗಿಲ್ಲ. ಆದ್ದರಿಂದ ಮಗ್ಗುಲಾಗಿ ಕಾಲು ಇಳಿಬಿಟ್ಟು ಏಳುವುದನ್ನು ಈಗಲೇ ಕಲಿಯಲಿ. ಕುಕ್ಕರುಗಾಲಲ್ಲಿ ಕೂಡುವ ಪಾಯಖಾನೆ ಇದ್ದರೆ ನಡುವೆ ತೂತಿರುವ ಕುರ್ಚಿ ತಂದಿಡಿ.

ರಕ್ತ ಕೊಡುವ ಹುಡುಗರ ಹೆಸರು ಬರೆದಿಟ್ಟುಕೊಳ್ಳಿ, ಆದರೆ ಊರಿನ ಶಿಬಿರದಲ್ಲಿ ಹುರುಪಿನಿಂದ ಕೊಟ್ಟು ಬರಬೇಡಿ ಅಂತ ಹೇಳಿ. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ. ನನ್ನ ಅಳಿಯನೊಬ್ಬ ಗಣಪತಿ ಮಂಡಳಿಯ ಶಿಬಿರದಲ್ಲಿ ಕೊಟ್ಟು, ಬಿಸ್ಕೀಟು ತಿಂದು, ಫೋಟೋ ಹಾಕಿದ್ದ. ಆಸ್ಪತ್ರೆಯಿಂದ ಕರೆ ಬಂದಾಗ ಮುಖ ಸಣ್ಣದು ಮಾಡಿಕೊಂಡು ನಿಂತ.

ಇನ್ನು ನೀವು. ನಾಲ್ಕು ಪುಟದಲ್ಲಿ ನಿಮ್ಮ ಬಗ್ಗೆ ಒಂದೇ ಸಾಲು, ಮಂಡಿನೋವಿಗೆ ಗುಳಿಗೆ ತರಿಸಿಕೊಂಡಿಲ್ಲ ಅಂತ. ಮತ್ತೆ ಅದೇ ಸುಣ್ಣ ನೋಡಿ! ತರಿಸಿಕೊಳ್ಳಿ. ವಾರದಲ್ಲಿ ಎರಡು ರಾತ್ರಿ ಮಗ ಅಪ್ಪನ ಹತ್ತಿರ ಮಲಗಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಮನಸ್ಸು ಭಾರವಾಗಿ ಯಾರ ಹತ್ತಿರವೂ ಹೇಳಲಾಗದಿದ್ದರೆ 14416 ಅಂತ ಟೆಲಿ-ಮಾನಸ್ ನಂಬರ್ ಇದೆ, ಮನಸ್ಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಯಜಮಾನರೂ ಮಾಡಬಹುದು, ಆದರೆ ಗಂಡಸರು ಮಾಡುವುದಿಲ್ಲ. ನಾನೂ ಮಾಡುತ್ತಿರಲಿಲ್ಲ.

ಪತ್ರದ ಕೊನೆಗೆ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ, ಮಗಳಿಗೆ ಈಗ ಏಳನೇ ತಿಂಗಳು, ಇಂಥ ಹೊತ್ತಿನಲ್ಲಿ ಕುಬಸ ಮಾಡುವುದು ಬೇಡವೇನೋ ಅಂತ. ಮಾಡಿ. ಡೇಟು ಬಂದರೆ ಎರಡು ದಿನ ಆಚೀಚೆ ಮಾಡಿಕೊಂಡರಾಯಿತು. ಮೈಕು, ಪೆಂಡಾಲು ಬೇಡ, ನಾಲ್ಕು ಮನೆಯವರು, ಹೋಳಿಗೆ, ಆರತಿ. ಬಂದ ಹೆಂಗಸರಿಗೆ ಮೊದಲೇ ಹೇಳಿಬಿಡಿ, ಆಪರೇಷನ್ ಯಾವಾಗ ಅಂತ ಯಾರೂ ಕೇಳಬಾರದು ಅಂತ. ಹಸಿರು ಸೀರೆ ಅಂಗಡಿಯಿಂದ ತರುವ ಮೊದಲು ಒಂದು ಮಾತು. ಫೆಬ್ರುವರಿಯಿಂದ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿದೆ ಅಂದಿರಲ್ಲ, ಅದರ ಬಣ್ಣ ಯಾವುದು ಅಂತ ನೀವು ಬರೆದಿಲ್ಲ.