ಜಗಳದ ನಂತರ ಮರಳಿ ಬರುವವರು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ದಂಪತಿಯ ಲಿಖಿತ ಒಪ್ಪಿಗೆ ಪಡೆದು, ಅವರ ಹೆಸರು, ಊರು ಮತ್ತು ಉದ್ಯೋಗದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹೆಂಡತಿಯನ್ನು ಸುಮಾ ಎಂದೂ ಗಂಡನನ್ನು ರಘು ಎಂದೂ ಕರೆಯುತ್ತೇನೆ. ಸುಮಾ ಅವರಿಗೆ 33 ವರ್ಷ, ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ರಘು ಅವರಿಗೆ 36, ಕಾರ್ಖಾನೆಯೊಂದರಲ್ಲಿ ಶಿಫ್ಟ್ ಮೇಲ್ವಿಚಾರಕರು. ಮೂರು ವರ್ಷ ಪ್ರೀತಿಸಿ, ಎರಡೂ ಮನೆಯವರನ್ನು ಕಷ್ಟಪಟ್ಟು ಒಪ್ಪಿಸಿ ಮದುವೆಯಾದವರು. ಮದುವೆಯಾಗಿ ಏಳು ವರ್ಷ ಕಳೆದಿದೆ, ಐದು ವರ್ಷದ ಮಗಳಿದ್ದಾಳೆ, ರಘು ಅವರ ತಾಯಿ ಇವರ ಜೊತೆಯಲ್ಲೇ ಇದ್ದಾರೆ.

ಮೊದಲ ಭೇಟಿಗೆ ಸುಮಾ ಒಬ್ಬರೇ ಬಂದರು. ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು; ಮನೆಯಲ್ಲಿ ಹೇಳಿರಲಿಲ್ಲ. ಕುಳಿತ ಐದು ನಿಮಿಷದಲ್ಲೇ ಅವರು ಕೇಳಿದ ಪ್ರಶ್ನೆ ಇದು: “ಮೇಡಂ, ನಮ್ಮಿಬ್ಬರ ನಡುವೆ ಇದ್ದದ್ದು ನಿಜವಾದ ಪ್ರೀತಿಯೇ ಆಗಿದ್ದರೆ ಇಷ್ಟು ಜಗಳ ಆಗಬೇಕಿತ್ತಾ?” ಈ ಪ್ರಶ್ನೆಯನ್ನು ನಾನು ಎಷ್ಟೋ ಬಾರಿ ಕೇಳಿಸಿಕೊಂಡಿದ್ದೇನೆ. ಇದಕ್ಕೆ ಉತ್ತರ ಕೊಡುವ ಆತುರ ಆಪ್ತಸಲಹೆಗಾರರಿಗೆ ಇರಬಾರದು, ಏಕೆಂದರೆ ಮೊದಲು ತಿಳಿಯಬೇಕಾದದ್ದು ಬೇರೆಯೇ ಇದೆ. ನಾನು ಕೇಳಿದೆ: “ಸಂಜೆ ಅವರ ಬೈಕಿನ ಸದ್ದು ಗೇಟಿನ ಹತ್ತಿರ ಕೇಳಿಸಿದಾಗ ನಿಮ್ಮ ಮೈಯಲ್ಲಿ ಏನಾಗುತ್ತದೆ?” ಅವರು ಸ್ವಲ್ಪ ಹೊತ್ತು ಯೋಚಿಸಿ, “ಬೇಜಾರಾಗುತ್ತದೆ. ಇವತ್ತೂ ಮಾತಿಲ್ಲದೆ ಊಟ ಮುಗಿಯುತ್ತದೆ ಅನ್ನಿಸುತ್ತದೆ. ಆದರೆ ಭಯ ಇಲ್ಲ” ಎಂದರು. ಹೊಡೆತ, ಬೆದರಿಕೆ, ಸಂಬಳ ಕಿತ್ತುಕೊಳ್ಳುವುದು, ತವರಿಗೆ ಹೋಗಲು ತಡೆ, ಫೋನ್ ಪರೀಕ್ಷಿಸುವುದು, ಒಂದೊಂದನ್ನೂ ಬಿಡಿಸಿ ಕೇಳಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಈ ಬರಹದ ದಾರಿಯೇ ಬೇರೆಯಾಗುತ್ತಿತ್ತು: ಅಂಥ ಮನೆಯಲ್ಲಿ ನಡೆಯುವುದನ್ನು ಘರ್ಷಣೆ ಎನ್ನಲಾಗದು, ಅದು ದೌರ್ಜನ್ಯ. ಅಲ್ಲಿ ಗಂಡಹೆಂಡತಿಯನ್ನು ಜೊತೆಯಾಗಿ ಕೂರಿಸಿ ಹೊಂದಾಣಿಕೆಯ ಮಾತಾಡುವುದು ಆಕೆಯನ್ನು ಇನ್ನಷ್ಟು ಅಪಾಯಕ್ಕೆ ತಳ್ಳುತ್ತದೆ. ಅಂಥವರಿಗೆ ನಾನು ಮೊದಲು ಕೊಡುವುದು 181 ಮಹಿಳಾ ಸಹಾಯವಾಣಿಯ ಸಂಖ್ಯೆ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವಿವರ.

ಸುಮಾ ಹೇಳಿದ ಜಗಳ ಹೀಗಿತ್ತು. ರಘು ಅವರ ತಮ್ಮ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಶುಲ್ಕಕ್ಕಾಗಿ ರಘು ಹೆಂಡತಿಗೆ ತಿಳಿಸದೆ ಕಾರ್ಖಾನೆಯ ನೌಕರರ ಸೊಸೈಟಿಯಲ್ಲಿ 1,50,000 ರೂಪಾಯಿ ಸಾಲ ತೆಗೆದಿದ್ದರು. ಸಂಬಳ ಕಡಿಮೆ ಬಂದ ತಿಂಗಳು ವಿಷಯ ಹೊರಬಿತ್ತು. ಅಂದಿನಿಂದ ಮನೆಯಲ್ಲಿ ಸಣ್ಣ ಮಾತೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಸುಮಾ ಕೇಳುವರು, ರಘು ಉತ್ತರಿಸದೆ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ಕುಳಿತುಬಿಡುವರು, ಸುಮಾ ಹಿಂದೆಯೇ ಹೋಗಿ ಮತ್ತೆ ಕೇಳುವರು, ಅವರು ಬೈಕ್ ತೆಗೆದುಕೊಂಡು ಹೊರಟುಬಿಡುವರು. ಮರುದಿನ ಇಬ್ಬರೂ ಏನೂ ಆಗದವರಂತೆ ಕೆಲಸಕ್ಕೆ ಹೋಗುವರು. ಹಿರಿಯರು “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ಹೇಳಿ ಕೈತೊಳೆದುಕೊಂಡಿದ್ದರು. ಆ ಗಾದೆ ಉಂಡ ಮೇಲೆ ಜಗಳ ಮುಗಿಯುತ್ತದೆ ಎಂದು ನಂಬಿದೆ. ಈ ಮನೆಯಲ್ಲಿ ಜಗಳ ಮುಗಿಯುತ್ತಿರಲಿಲ್ಲ, ಬರೀ ಮಾತು ನಿಲ್ಲುತ್ತಿತ್ತು, ಮತ್ತು ಒಳಗೆ ಉಳಿದದ್ದು ಮುಂದಿನ ಜಗಳಕ್ಕೆ ಸೌದೆಯಾಗುತ್ತಿತ್ತು.

ಸುಮಾರು ಮುಕ್ಕಾಲು ಗಂಟೆಯ ನಂತರ ಅವರು ಬಂದ ನಿಜವಾದ ಕಾರಣ ತಿಳಿಯಿತು. ಹಿಂದಿನ ವರ್ಷದ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಶಿಬಿರದಲ್ಲಿ ಪರಿಚಯವಾದ ಒಬ್ಬ ಸಹೋದ್ಯೋಗಿಯೊಂದಿಗೆ ಅವರು ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಿದ್ದರು. ಮಾತಿಗಿಂತ ಮುಂದೆ ಏನೂ ನಡೆದಿರಲಿಲ್ಲ. ಆದರೆ ಫೋನ್ ಮಿನುಗಿದಾಗ ಎದೆ ಹಗುರವಾಗುವುದನ್ನು, ಅವರ ಸಂದೇಶ ಬಾರದ ದಿನ ಪಾಠದಲ್ಲಿ ಮನಸ್ಸು ನಿಲ್ಲದಿರುವುದನ್ನು ಅವರು ಮುಚ್ಚಿಡದೆ ಹೇಳಿದರು. “ಅವರ ಜೊತೆ ಒಂದು ದಿನವೂ ಜಗಳ ಆಗಿಲ್ಲ ಮೇಡಂ. ಇದೇ ನಿಜವಾದ ಪ್ರೀತಿ ಇರಬಹುದಾ?”

ನಾನು ಅವರನ್ನು ತಪ್ಪಿತಸ್ಥೆಯಂತೆ ನೋಡಲಿಲ್ಲ. ಬಾಯಾರಿದವರು ನೀರಿದ್ದಲ್ಲಿಗೆ ಹೋಗುತ್ತಾರೆ. ಆದರೆ ಒಂದು ಲೆಕ್ಕವನ್ನು ಅವರ ಮುಂದೆಯೇ ಮಾಡಿಸಿದೆ. ಕಾಗದದ ಒಂದು ಬದಿಯಲ್ಲಿ, ಹೋದ ತಿಂಗಳು ರಘು ಜೊತೆ ಸೇರಿ ತೀರ್ಮಾನಿಸಬೇಕಾಗಿ ಬಂದ ವಿಷಯಗಳನ್ನು ಬರೆಯಲು ಹೇಳಿದೆ: ಮಗಳ ಜ್ವರದ ರಾತ್ರಿ ಯಾರು ರಜೆ ಹಾಕುವುದು, ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಯಾರು ಕರೆದೊಯ್ಯುವುದು, ಬಾಡಿಗೆ, ಸೊಸೈಟಿ ಕಂತು, ನಾದಿನಿಯ ಸೀಮಂತದ ಸೀರೆ. ಹನ್ನೊಂದು ಸಾಲಾದವು. ಇನ್ನೊಂದು ಬದಿಯಲ್ಲಿ ಆ ಸಹೋದ್ಯೋಗಿಯೊಂದಿಗೆ ಸೇರಿ ತೀರ್ಮಾನಿಸಿದ್ದನ್ನು ಬರೆಯಿರಿ ಎಂದೆ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು. ಆ ಬದಿ ಖಾಲಿಯೇ ಉಳಿಯಿತು. ದೂರದ ಬೆಟ್ಟ ನುಣ್ಣಗೆ ಕಾಣುವುದರಲ್ಲಿ ಬೆಟ್ಟದ ಮೋಸವಿಲ್ಲ. ನಾವಿನ್ನೂ ಅದನ್ನು ಹತ್ತಿಲ್ಲ, ಅಷ್ಟೆ. ಒಟ್ಟಿಗೆ ಹೊರಬೇಕಾದ ಭಾರವೇ ಇಲ್ಲದ ಸಂಬಂಧದಲ್ಲಿ ಘರ್ಷಣೆ ಇಲ್ಲದಿರುವುದು ಆ ಸಂಬಂಧ ಆಳವಾಗಿದೆ ಎಂಬುದಕ್ಕೆ ಸಾಕ್ಷಿಯಾಗದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನಾವ್ 1979ರಲ್ಲಿ ಈ ಮನಃಸ್ಥಿತಿಗೆ ‘ಲಿಮರೆನ್ಸ್’ ಎಂಬ ಹೆಸರು ಕೊಟ್ಟು ವಿವರಿಸಿದ್ದಾರೆ: ಬಿಟ್ಟೂ ಬಿಡದೆ ಕಾಡುವ ನೆನಪು, ಆ ಕಡೆಯಿಂದ ಸಣ್ಣ ಸೂಚನೆ ಸಿಕ್ಕರೂ ಉಬ್ಬುವ ಎದೆ, ಸಿಗದಿದ್ದರೆ ಕುಸಿತ. ಅದು ಅನಿಶ್ಚಿತತೆಯನ್ನೇ ಉಂಡು ಬೆಳೆಯುತ್ತದೆ. ಆ ಅನುಭವ ಸುಳ್ಳಲ್ಲ, ಆದರೆ ಅದರ ಬಲವನ್ನು ನೋಡಿ ಬದುಕಿನ ತೀರ್ಮಾನ ಮಾಡುವಂತಿಲ್ಲ.

ವಿಚ್ಛೇದನದ ಬಗ್ಗೆಯೂ ಅವರು ಕೇಳಿದರು. ತಿಳಿದುಕೊಳ್ಳುವುದು ಅವರ ಹಕ್ಕು. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆಯಾಗಿದ್ದಿರಬೇಕೆಂದೂ, ಅರ್ಜಿಯ ನಂತರ ಆರು ತಿಂಗಳ ಅವಧಿ ಇದೆಯೆಂದೂ, ತಕ್ಕ ಕಾರಣವಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯೆಂದೂ ವಿವರಿಸಿದೆ. ನಂತರ ರಘು ಅವರನ್ನು ಕರೆತರಲು ಸಾಧ್ಯವೇ ಎಂದು ಕೇಳಿದೆ. ಜಂಟಿ ಭೇಟಿಗೆ ಮೊದಲೇ ನಾನು ಹೇಳುವ ನಿಯಮವೊಂದಿದೆ: ಒಬ್ಬರು ಒಂಟಿಯಾಗಿ ಹೇಳಿದ್ದನ್ನು ನಾನಾಗಿ ಇನ್ನೊಬ್ಬರಿಗೆ ತಿಳಿಸುವುದಿಲ್ಲ, ಆದರೆ ಜಂಟಿ ಕೆಲಸವನ್ನೇ ಸುಳ್ಳಾಗಿಸುವ ಗುಟ್ಟನ್ನು ಇಟ್ಟುಕೊಂಡು ಆ ಕೆಲಸವನ್ನು ಬಹಳ ದಿನ ನಡೆಸುವುದೂ ಇಲ್ಲ. ಆ ಸಂದೇಶಗಳನ್ನು ಮೂರು ತಿಂಗಳು ನಿಲ್ಲಿಸಿ ನೋಡಲು, ರಘು ಅವರಿಗೆ ಯಾವಾಗ, ಹೇಗೆ ಹೇಳಬೇಕೆಂದು ಅವರೇ ತೀರ್ಮಾನಿಸಲು ಸಲಹೆ ಕೊಟ್ಟೆ.

ರಘು ಬಂದರು. ಮೊದಲ ಜಂಟಿ ಭೇಟಿಯಲ್ಲಿ ಸಾಲದ ಮಾತು ಬಂದೊಡನೆ ಸುಮಾ ಅವರ ಸ್ವರ ಏರಿತು. “ನಿಮ್ಮ ಮನೆಯವರಿಗೆ ದುಡಿದು ಹಾಕೋಕೆ ನಾನು ಬಂದಿದ್ದೀನಾ? ನಿಮಗೆ ಬೇರೆ ಏನು ಬರುತ್ತೆ, ಬಾಯಿ ಮುಚ್ಚಿಕೊಂಡು ಕೂರೋದು ಬಿಟ್ಟು?” ರಘು ಕೈಕಟ್ಟಿ, ಮೇಜಿನ ಅಂಚನ್ನು ನೋಡುತ್ತ ಕಲ್ಲಿನಂತೆ ಕುಳಿತರು. “ನೋಡಿ ಮೇಡಂ, ಇವರಿಗೆ ಏನೂ ಅನ್ನಿಸುವುದೇ ಇಲ್ಲ” ಎಂದರು ಸುಮಾ. ನನ್ನ ಮೇಜಿನ ಖಾನೆಯಲ್ಲಿ ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇದೆ. ರಘು ಅವರ ಅನುಮತಿ ಕೇಳಿ ಅದನ್ನು ಅವರ ಬೆರಳಿಗೆ ಸಿಕ್ಕಿಸಿ, ಅಂಕಿಗಳು ಸುಮಾ ಅವರಿಗೆ ಕಾಣುವಂತೆ ತಿರುಗಿಸಿದೆ. ಕದಲದೆ ಕುಳಿತಿದ್ದ ಆ ಮನುಷ್ಯನ ನಾಡಿ ಬಡಿತ 112 ಇತ್ತು. ಸುಮಾ ಆ ಕೆಂಪು ಅಂಕಿಯನ್ನು ನೋಡುತ್ತಲೇ ಇದ್ದರು, ಅದು 109ಕ್ಕೆ, ಮತ್ತೆ 114ಕ್ಕೆ ಹೋಯಿತು. ವಿಜ್ಞಾನ ಕಲಿಸುವ ಅವರಿಗೆ ಅದರ ಅರ್ಥವನ್ನು ನಾನು ಹೇಳಬೇಕಾಗಿರಲಿಲ್ಲ. ಬಹಳ ಮೆಲ್ಲಗೆ, “ಯಾಕೆ ಹೇಳಲಿಲ್ಲ?” ಎಂದರು. “ಏನಂತ ಹೇಳಲಿ? ಬಾಯಿ ತೆಗೆದರೆ ಏನು ಬರುತ್ತದೋ ಅಂತ ಹೆದರಿಕೆ” ಎಂದರು ರಘು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಗಾಟ್‌ಮನ್ ಮತ್ತು ಅವರ ಸಂಗಡಿಗರು ದಂಪತಿಗಳು ವಾದ ಮಾಡುವಾಗ ಅವರ ಎದೆಬಡಿತವನ್ನೂ ಮಾತನ್ನೂ ಒಟ್ಟಿಗೆ ದಾಖಲಿಸಿ ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಸಂಬಂಧವನ್ನು ಕೊರೆಯುವ ನಾಲ್ಕು ನಡೆಗಳನ್ನು ಗುರುತಿಸಿದ್ದಾರೆ: ವ್ಯಕ್ತಿಯನ್ನೇ ದೂರುವ ಟೀಕೆ, ತಿರಸ್ಕಾರ, ತನ್ನದೇ ಸಮರ್ಥನೆ, ಮೌನದ ಗೋಡೆ. ಇವುಗಳಲ್ಲಿ ತಿರಸ್ಕಾರ ಅತ್ಯಂತ ಅಪಾಯಕಾರಿ ಎಂಬುದು ಅವರ ಅಭಿಪ್ರಾಯ. ಬಡಿತ ನಿಮಿಷಕ್ಕೆ ನೂರನ್ನು ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ, ಮತ್ತೆ ತಣಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಶೇ 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು ಎಂಬ ಅವರ ಮಾತು ಈ ಇಬ್ಬರಿಗೂ ದೊಡ್ಡ ಸಮಾಧಾನ ಕೊಟ್ಟಿತು. ಆ ಅಧ್ಯಯನಗಳು ಅಮೆರಿಕದ ದಂಪತಿಗಳ ಮೇಲೆ ನಡೆದವು ಎಂಬುದನ್ನು ನಾನು ಮರೆಯುವುದಿಲ್ಲ. ನಮ್ಮಲ್ಲಿ ಜಗಳದ ಒಂದು ತುದಿ ಬಹುಮಟ್ಟಿಗೆ ಕೋಣೆಯ ಹೊರಗೆ, ಅಡುಗೆಮನೆಯಲ್ಲೋ ತಮ್ಮನ ಹಾಸ್ಟೆಲಿನಲ್ಲೋ ಇರುತ್ತದೆ. ಆದರೂ ದೇಹದ ಮಾತು ಎಲ್ಲ ಕಡೆಯೂ ಒಂದೇ.

ಅಂದು ಕೊಟ್ಟ ಸಲಹೆ ಇಷ್ಟೇ. ಎದ್ದು ಹೋಗಬೇಕೆನಿಸಿದರೆ ರಘು ಹೋಗಬಹುದು, ಆದರೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗಬೇಕು ಮತ್ತು ಆ ಹೊತ್ತಿಗೆ ಬಂದು, ನಿಂತ ಮಾತನ್ನು ತಾವೇ ಎತ್ತಬೇಕು. ಸುಮಾ ಹಿಂದೆ ಹೋಗಬಾರದು. ಮತ್ತು ದೂರು ಹೇಳುವಾಗ “ನೀವು ಯಾವಾಗಲೂ ಹೀಗೇ” ಎಂಬಲ್ಲಿಂದ ಶುರು ಮಾಡದೆ, ನಡೆದದ್ದು ಏನು, ತನಗೆ ಏನಾಯಿತು, ಈಗ ಏನು ಬೇಕು ಎಂದು ಹೇಳಬೇಕು.

ನಾಲ್ಕನೆಯ ಭೇಟಿಯಲ್ಲಿ ಸುಮಾ ಸಹೋದ್ಯೋಗಿಯ ವಿಷಯವನ್ನು ತಾವೇ ಹೇಳಿದರು. ಸಂದೇಶಗಳನ್ನು ಆಗಲೇ ನಿಲ್ಲಿಸಿದ್ದರು. ರಘು ಅವರ ಮುಖದ ಬಣ್ಣ ಬದಲಾಯಿತು. ಎದ್ದರು. ಬಾಗಿಲ ಬಳಿ ನಿಂತು, ಹಿಂದೆ ತಿರುಗದೆ, “ಅರ್ಧ ಗಂಟೆ ಕೊಡಿ. ಬರ್ತೀನಿ” ಎಂದು ಹೊರಟರು. ಸುಮಾ ಎದ್ದು ಹೋಗಲು ಹವಣಿಸಿ, ಕುರ್ಚಿಯ ಕೈ ಹಿಡಿದು ಮತ್ತೆ ಕುಳಿತರು. ಆ ಹೊತ್ತಿನಲ್ಲಿ ನಾನು ಅವರಿಗೆ ಒಂದು ಲೋಟ ನೀರು ಕೊಟ್ಟದ್ದು ಬಿಟ್ಟರೆ ಏನೂ ಮಾತಾಡಲಿಲ್ಲ. ಇಪ್ಪತ್ತೆಂಟನೆಯ ನಿಮಿಷಕ್ಕೆ ರಘು ಮರಳಿ ಬಂದರು. ಕಣ್ಣು ಕೆಂಪಾಗಿತ್ತು. ಕುಳಿತು, “ನನ್ನ ಹತ್ತಿರ ಮಾತಾಡೋಕೆ ಆಗದೇ ಇರೋದು ಏನಿತ್ತು ಅವರ ಹತ್ತಿರ?” ಎಂದು ಕೇಳಿದರು. “ಏನೂ ಇರಲಿಲ್ಲ. ಮಕ್ಕಳ ಪ್ರಾಜೆಕ್ಟು, ನನ್ನ ತಲೆನೋವು. ನೀವು ಕೇಳುತ್ತಿರಲಿಲ್ಲ, ಅಷ್ಟೇ” ಎಂದರು ಸುಮಾ.

ನಿಜವಾದ ಪ್ರೀತಿಯನ್ನು ಹೇಗೆ ಗುರುತಿಸುವುದು ಎಂದು ಯಾರಾದರೂ ಕೇಳಿದರೆ ನನಗೆ ಆ ಇಪ್ಪತ್ತೆಂಟು ನಿಮಿಷ ನೆನಪಾಗುತ್ತದೆ. ಜಗಳವೇ ಆಗದ ಮನೆಯಲ್ಲಿ ಪ್ರೀತಿ ಇರಬಹುದು, ಒಬ್ಬರು ಪೂರ್ತಿ ಸೋತು ಸುಮ್ಮನಾಗಿರಲೂಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಾನು ನೋಡುವುದು ಜಗಳದ ನಂತರದ್ದನ್ನು: ಯಾರು ಮರಳಿ ಬರುತ್ತಾರೆ, ಬಂದವರು ಕೇಳಿಸಿಕೊಳ್ಳುತ್ತಾರೆಯೇ, ತನ್ನಿಂದಾದ ನೋವನ್ನು ತಿಳಿದ ಮೇಲೆ ತನ್ನ ನಡೆಯಲ್ಲಿ ಒಂದಿಷ್ಟಾದರೂ ಬದಲಾಗುತ್ತಾರೆಯೇ, ಮತ್ತು ಈ ಮರಳಿ ಬರುವ ಕೆಲಸ ಸದಾ ಒಬ್ಬರ ಪಾಲಿಗೇ ಬೀಳುತ್ತದೆಯೇ. ಕೊನೆಯದು ಬಹಳ ಮುಖ್ಯ. ನಮ್ಮ ಮನೆಗಳಲ್ಲಿ ‘ಹೊಂದಿಕೊಂಡು ಹೋಗು’ ಎಂಬ ಮಾತು ಹೆಚ್ಚಾಗಿ ಹೆಣ್ಣಿಗೇ ಸಿಗುತ್ತದೆ. ಒಬ್ಬರೇ ಹೊಂದಿಕೊಳ್ಳುತ್ತ ಹೋದರೆ ಅದನ್ನು ಬೆಳವಣಿಗೆ ಎಂದು ನಾನು ಒಪ್ಪುವುದಿಲ್ಲ.

ಮುಂದಿನ ಭೇಟಿಗಳಲ್ಲಿ ಸಾಲದ ಬುಡ ಸಿಕ್ಕಿತು. ರಘು ಅವರಿಗೆ 19 ವರ್ಷವಿದ್ದಾಗ ತಂದೆ ತೀರಿಕೊಂಡಿದ್ದರು. ತಮ್ಮನನ್ನು ಓದಿಸುವ ಮಾತು ಅಂದೇ ಕೊಟ್ಟಿದ್ದರು. ಹೆಂಡತಿಯನ್ನು ಕೇಳಿದರೆ, ಕೊಟ್ಟ ಮಾತಿಗೆ ಅನುಮತಿ ಬೇಡಿದಂತಾಗುತ್ತದೆ ಎಂಬುದು ಅವರೊಳಗಿದ್ದ ಅಳುಕು. ಸುಮಾ ಅವರ ಆಕ್ಷೇಪ ಶುಲ್ಕದ ಮೇಲೆ ಇರಲೇ ಇಲ್ಲ. “ನಾನೂ ಓದಿಸುತ್ತಿದ್ದೆ. ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ” ಎಂದರು. ತಿಂಗಳ ಮೊದಲ ಭಾನುವಾರ ಮಗಳು ಮಲಗಿದ ಮೇಲೆ ಇಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರುವುದು, 5,000 ರೂಪಾಯಿಗಿಂತ ಹೆಚ್ಚಿನದನ್ನು ಮೊದಲೇ ಹೇಳಿ ಖರ್ಚು ಮಾಡುವುದು ಎಂದು ಅವರೇ ಗೊತ್ತುಮಾಡಿಕೊಂಡರು. ಇದು ನೇರವಾಗಿ ಸಾಗಲಿಲ್ಲ. ಎರಡನೆಯ ತಿಂಗಳು ರಘು ಮತ್ತೆ ಮೌನಕ್ಕೆ ಇಳಿದರು, ಸುಮಾ ಒಂದು ವಾರ ತವರಿನಲ್ಲಿದ್ದರು. ನಾನೂ ಒಂದು ತಪ್ಪು ಮಾಡಿದ್ದೆ: ಅತ್ತೆಯನ್ನು ಒಮ್ಮೆ ಕರೆತನ್ನಿ ಎಂದು ಬೇಗನೆ ಹೇಳಿಬಿಟ್ಟೆ, ಅದರಿಂದ ಮನೆಯಲ್ಲಿ ಅನಗತ್ಯ ಕಸಿವಿಸಿಯಾಯಿತು. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಏಳನೆಯ ಭೇಟಿಯಲ್ಲಿ, ದೂರವಾದದ್ದು ಯಾವಾಗಿನಿಂದ ಎಂದು ಇಬ್ಬರನ್ನೂ ಕೇಳಿದೆ. ಸುಮಾ ಸಾಲದ ತಿಂಗಳನ್ನು ಹೇಳಿದರು. ರಘು ಹೇಳಿದ್ದು ಬೇರೆ: “ಇವಳು ನನ್ನನ್ನು ‘ನೀವು’ ಅನ್ನೋಕೆ ಶುರು ಮಾಡಿದಾಗಿನಿಂದ.” ಪ್ರೀತಿಸುವಾಗ ಸುಮಾ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆ, ಗಂಡನನ್ನು ಹಾಗೆ ಕರೆಯಬಾರದಮ್ಮ ಎಂದು ತಿದ್ದಿದ್ದರು. ಜನರ ಮುಂದೆ ಶುರುವಾದ ‘ನೀವು’ ನಿಧಾನವಾಗಿ ಕೋಣೆಯೊಳಕ್ಕೂ ಬಂದಿತ್ತು. “ಅಮ್ಮ ಹೇಳುವಾಗ ನೀವು ಪಕ್ಕದಲ್ಲೇ ಕೂತಿದ್ರಿ. ಒಂದು ಮಾತೂ ಆಡಲಿಲ್ಲ” ಎಂದರು ಸುಮಾ. ‘ನೀವು’, ‘ರೀ’ ಎನ್ನುತ್ತಲೇ ಆಳವಾಗಿ ಪ್ರೀತಿಸಿದ ಎಷ್ಟೋ ದಂಪತಿಗಳನ್ನು ನಾನು ಬಲ್ಲೆ. ಗೌರವದ ಪದದಲ್ಲಿ ದೋಷವಿಲ್ಲ. ಇವರಿಬ್ಬರೂ ಆ ಬದಲಾವಣೆಯನ್ನು ತಮ್ಮ ಮೇಲಿನ ತಣ್ಣಗಿನ ತೀರ್ಪೆಂದು ಒಳಗೇ ಓದಿಕೊಂಡು, ಏಳು ವರ್ಷ ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಅಂದು ಅದಕ್ಕೆ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ.

ಐದು ತಿಂಗಳಲ್ಲಿ ಹನ್ನೊಂದು ಭೇಟಿಗಳಾದವು. ಸಾಲದ ಕಂತು ಇನ್ನೂ ಒಂದು ವರ್ಷ ಇದೆ, ಜಗಳಗಳೂ ಇವೆ. ಕೊನೆಯ ಭೇಟಿ ಮುಗಿಸಿ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದಾಗ ಸ್ಕೂಟರಿನ ಕೀ ಸಿಗದೆ ನಿಂತರು. ಕಿಟಕಿಯಿಂದ ನನಗೆ ಸುಮಾ ಅವರ ದನಿ ಕೇಳಿಸಿತು: “ನಿನ್ನ ಹತ್ತಿರಾನೇ ಇತ್ತು ರಘು, ಜೇಬು ಸರಿಯಾಗಿ ನೋಡು.” ರಘು ಒಂದು ಕ್ಷಣ ಹುಡುಕುವುದನ್ನೇ ನಿಲ್ಲಿಸಿದರು. ಆಮೇಲೆ, “ಇಲ್ಲ, ನೀನೇ ಬ್ಯಾಗಿಗೆ ಹಾಕಿಕೊಂಡೆ” ಎಂದರು.